ಬೆಳ್ಳಿ ಏರಿತು, ಮಾರಿದವರಿಗೆ ಎಷ್ಟು ಸಿಕ್ಕಿತು?

2025ರ ದೀಪಾವಳಿಗೆ ವಾರವಿರುವಾಗ ಬೆಳ್ಳಿಗೆ ಒಂದೇ ದಿನ ಮೂರು ಧಾರಣೆಗಳಿದ್ದವು. ಹೈದರಾಬಾದ್, ಚೆನ್ನೈಗಳಲ್ಲಿ ಚಿಲ್ಲರೆ ದರ ಕಿಲೋಗೆ 2 ಲಕ್ಷ ರೂಪಾಯಿ ದಾಟಿತ್ತು. ದೆಹಲಿ, ಮುಂಬೈಗಳಲ್ಲಿ ಅದಕ್ಕಿಂತ ಹತ್ತು ಹದಿನೈದು ಸಾವಿರ ಕಡಿಮೆ. ಎಂಸಿಎಕ್ಸ್ ವಾಯಿದೆ ಪೇಟೆಯಲ್ಲಿ ಅದೇ ಬೆಳ್ಳಿ 1.60 ಲಕ್ಷದ ಆಸುಪಾಸಿನಲ್ಲಿ ತಿರುಗುತ್ತಿತ್ತು. ಹಬ್ಬ ಮುಗಿದು ಹತ್ತು ದಿನ ಕಳೆಯುವುದರೊಳಗೆ ಚಿಲ್ಲರೆ ದರ ಜರ್ರನೆ ಇಳಿಯಿತು. ಡಿಸೆಂಬರ್‌ನಲ್ಲಿ ಬೆಲೆ ಮತ್ತೆ ಏರಿ ವಾಯಿದೆ ದರವೇ 2 ಲಕ್ಷ ದಾಟಿತು. ರಾಯಚೂರಿನ ಸರಾಫ್ ಬಜಾರಿನಿಂದ ಹಿಡಿದು ಮಾನ್ವಿ, ದೇವದುರ್ಗದ ಒಂದೆರಡು ಗಾಜಿನ ಪೆಟ್ಟಿಗೆಯ ಅಂಗಡಿಗಳವರೆಗೆ ಎರಡೇ ಮಾತು ಕೇಳುತ್ತಿದ್ದವು: ಇದು ಸಟ್ಟಾ ಆಟವೋ, ನಿಜವಾದ ಬೆಲೆಯೋ? ಪೇಟೆ ದರದ ಮೇಲೆ ಅಂಗಡಿಯವರು ಹಾಕುವ ಹೆಚ್ಚುವರಿ ನ್ಯಾಯವೋ, ಸುಲಿಗೆಯೋ?

ಪತ್ರಿಕೆಗಳಲ್ಲಿ, ಟಿವಿಯಲ್ಲಿ ಈ ಎರಡು ಪ್ರಶ್ನೆಗಳನ್ನು ಯಾವಾಗಲೂ ಕೊಳ್ಳುವವರ ಪರವಾಗಿಯೇ ಕೇಳುತ್ತಾರೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಅದು ಸಾಲದು. ಇಲ್ಲಿ ಬೆಳ್ಳಿಯ ನಿಜವಾದ ಕಥೆ ಇರುವುದು ಮಾರುವವರ ಕೈಯಲ್ಲಿ.

ಕೂಸಿನ ಉಡದಾರ, ಮದುವೆಯ ಕಾಲುಂಗುರ, ಅತ್ತೆಯಿಂದ ಸೊಸೆಗೆ ಬಂದ ಕಾಲ್ಗಡಗ, ಲಿಂಗವಂತರ ಮನೆಯ ಬೆಳ್ಳಿ ಕರಡಿಗೆ ಮತ್ತು ಗುಂಡಗಡಗಿ, ಲಂಬಾಣಿ ತಾಂಡಾಗಳ ಹಾಸಲಿ, ಘುಗ್ರಿ, ಟೋಪ್ಲಿ, ದೇವರ ಜಗಲಿಯ ಮೇಲಿನ ಒಂದೆರಡು ರಾಣಿ ಛಾಪಿನ ರೂಪಾಯಿ. ಇದು ಇಲ್ಲಿನ ಬೆಳ್ಳಿ ಸಂಪತ್ತು. ಇದರಲ್ಲಿ ಗಟ್ಟಿಯೂ ಇಲ್ಲ, ಡಿಮ್ಯಾಟ್ ಖಾತೆಯೂ ಇಲ್ಲ. ಕೊಳ್ಳುವ ಕಾಲ ಹತ್ತಿಯ ಹಣ ಕೈಗೆ ಬಂದಾಗ. ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜಿನಲ್ಲಿ ಮಾಲು ತೂಗಿಸಿ, ದಲ್ಲಾಳಿ ಅಂಗಡಿಯ ಬಾಕಿ ಕಳೆದು ಉಳಿದದ್ದರಲ್ಲಿ ಸಂಕ್ರಾಂತಿಯ ಆಚೀಚೆ ಒಂದು ಜೊತೆ ಕಾಲುಚೈನು. ಮಾರುವ ಕಾಲ ಮುಂಗಾರಿನ ಬಾಯಲ್ಲಿ ಬೀಜ, ಗೊಬ್ಬರಕ್ಕೆ, ಇಲ್ಲವೇ ಆಸ್ಪತ್ರೆಗೆ, ಇಲ್ಲವೇ ಗುಳೆ ಹೊರಡುವ ಮುಂಚೆ ಹಳೆ ಸಾಲ ತೀರಿಸಲಿಕ್ಕೆ. ಎಲ್ಲರೂ ಕೊಳ್ಳುವಾಗ ಕೊಂಡು ಎಲ್ಲರೂ ಮಾರುವಾಗ ಮಾರುವ ಜನ ಇವರು. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ ದೇವದುರ್ಗ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿತ್ತು. ಆಮೇಲೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಎಷ್ಟೋ ಹೊಲ ಮುಟ್ಟಿದೆ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆಯ ಕೊನೇ ಭಾಗದ ರೈತರು ಈಗಲೂ ಪ್ರತಿ ಬೆಳೆಗೂ ಕಾಲುವೆಯ ದಾರಿ ಕಾಯುತ್ತಾರೆ. ಎರಡೂ ಕಡೆ ಮನೆಯ ಬೆಳ್ಳಿಯೇ ಕಷ್ಟಕಾಲದ ಬ್ಯಾಂಕು.

ಈ ಬ್ಯಾಂಕು ಹಿಂದೊಮ್ಮೆ ದೊಡ್ಡದಾಗಿ ಮುಳುಗಿದೆ. ಆ ಚರಿತ್ರೆಯನ್ನು ತಿಳಿಯದೆ ಇಂದಿನ ನ್ಯಾಯ ಅನ್ಯಾಯ ಅಳೆಯಲಾಗದು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಷೈರಿನ ಗಿರಣಿಗಳಿಗೆ ದಖ್ಖನಿನ ಹತ್ತಿ ಬೇಕಾಯಿತು, ಹತ್ತಿಯ ಹಣ ಬೆಳ್ಳಿಯಾಗಿ ಈ ಸೀಮೆಗೆ ಹರಿಯಿತು. 1871ರಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಐದೇ ವರ್ಷಕ್ಕೆ 1876ರ ಮಹಾಬರ ಬಂತು. ಮನೆಮನೆಯ ಒಡವೆ ಧಾನ್ಯಕ್ಕೆ ಹೋಯಿತು, ದಖ್ಖನಿನ ಬೆಳ್ಳಿ ಒಡವೆಗಳು ಮುಂಬೈ ಟಂಕಸಾಲೆಯಲ್ಲಿ ರಾಶಿ ಬಿದ್ದವು. ಆದರೂ ಆಗ ಒಂದು ಆಸರೆಯಿತ್ತು. ಯಾರೇ ಬೆಳ್ಳಿ ತಂದರೂ ಸರ್ಕಾರದ ಟಂಕಸಾಲೆ ನೂರಕ್ಕೆ ಎರಡರಷ್ಟು ಖರ್ಚು ಮುರಿದುಕೊಂಡು ರೂಪಾಯಿ ಅಚ್ಚು ಹಾಕಿ ಕೊಡಬೇಕಿತ್ತು. ನಡುವೆ ಸಾವಕಾರ ಎಷ್ಟೇ ಮುರಿದುಕೊಂಡರೂ ಬೆಳ್ಳಿಯ ಬೆಲೆಗೆ ಕೆಳಗೊಂದು ನೆಲ ಇತ್ತು.

1893ರ ಜೂನ್ 26ರಂದು ಆ ನೆಲ ಕುಸಿಯಿತು. ಭಾರತದ ನಾಣ್ಯ ಪದ್ಧತಿ ಪರಿಶೀಲಿಸಿದ ಹರ್ಷೆಲ್ ಸಮಿತಿಯ ಸಲಹೆಯಂತೆ ಬ್ರಿಟಿಷ್ ಸರ್ಕಾರ ಟಂಕಸಾಲೆಗಳನ್ನು ಜನರ ಬೆಳ್ಳಿಗೆ ಮುಚ್ಚಿತು. ಲಂಡನ್ನಿನಲ್ಲಿ 1870ರ ದಶಕದ ಮೊದಲಿಗೆ ಔನ್ಸಿಗೆ 60 ಪೆನ್ಸ್ ಇದ್ದ ಬೆಳ್ಳಿ 30ರ ಹತ್ತಿರ ಬಂತು. ರೂಪಾಯಿಯನ್ನು ಮಾತ್ರ 16 ಪೆನ್ಸಿಗೆ ಎತ್ತಿ ನಿಲ್ಲಿಸಲಾಯಿತು. ಫಲವೇನು? 1896–97 ಮತ್ತು 1899–1900ರ ಬರಗಳಲ್ಲಿ ರೂಪಾಯಿ ತೂಕದ ಬೆಳ್ಳಿ ಮಾರಿದವರಿಗೆ ಬ್ರಿಟಿಷ್ ರೂಪಾಯಿಯ ಲೆಕ್ಕದಲ್ಲಿ ಹತ್ತು ಹನ್ನೊಂದು ಆಣೆಯ ಲೋಹವಷ್ಟೇ ಉಳಿದಿತ್ತು. ಕಂದಾಯ ಕಟ್ಟಲು ಬೇಕಾದದ್ದು ನಾಣ್ಯ, ಕೈಯಲ್ಲಿದ್ದದ್ದು ಕಡಗ. ಆ ಎರಡರ ನಡುವಿನ ಐದಾರು ಆಣೆಯೇ ಈ ದೇಶದ ಬಡವರ ಮೇಲೆ ಬಿದ್ದ ಅತಿ ದೊಡ್ಡ ಹೆಚ್ಚುವರಿ ಎಂದು ನಾನು ಭಾವಿಸುತ್ತೇನೆ. ಅದನ್ನು ಹಾಕಿದ್ದು ಯಾವ ಸರಾಫನೂ ಅಲ್ಲ, ಸರ್ಕಾರ.

ನಿಜಾಮರ ಸೀಮೆಯವರಾದ ನಮಗೆ ಇನ್ನೊಂದು ಪದರವೂ ಇತ್ತು. ಇಲ್ಲಿ ಓಡುತ್ತಿದ್ದದ್ದು ಹಾಲಿ ಸಿಕ್ಕಾ. 100 ಬ್ರಿಟಿಷ್ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂಬುದು ಅಧಿಕೃತ ಲೆಕ್ಕ. ತುಂಗಭದ್ರೆ ದಾಟಿ ಮದ್ರಾಸ್ ಪ್ರಾಂತ್ಯದ ಆದೋನಿ ಪೇಟೆಗೆ ಹೋಗುವವರು ಹಣ ಬದಲಿಸುವಾಗ ವಟ್ಟ ತೆರಲೇಬೇಕಿತ್ತು. 1959ರವರೆಗೂ ಹಾಲಿ ಸಿಕ್ಕಾ ಚಲಾವಣೆಯಲ್ಲಿತ್ತು. ಲೋಹದ ಬೆಲೆ ಒಂದು, ಕೈಗೆ ಸಿಗುವ ಬೆಲೆ ಇನ್ನೊಂದು ಎಂಬುದನ್ನು ಈ ರಾಯಚೂರು ದೋಆಬಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ಸಟ್ಟಾದ ಮಾತು. ಬೆಳ್ಳಿಯನ್ನು ಮುಷ್ಟಿಯಲ್ಲಿ ಹಿಡಿಯಲು ಹೋಗಿ ಕೈ ಸುಟ್ಟುಕೊಂಡವರಲ್ಲಿ ಮೊದಲು ನೆನಪಾಗುವುದು ಅಮೆರಿಕದ ಹಂಟ್ ಸಹೋದರರು. 1980ರ ಜನವರಿಯಲ್ಲಿ ಔನ್ಸಿಗೆ 50 ಡಾಲರ್ ಹತ್ತಿರಕ್ಕೆ ಏರಿದ ಬೆಳ್ಳಿ, ನ್ಯೂಯಾರ್ಕ್ ವಿನಿಮಯ ಕೇಂದ್ರ ಹೊಸ ಖರೀದಿಗೆ ಕಡಿವಾಣ ಹಾಕಿದ ಮೇಲೆ, ಮಾರ್ಚ್ 27ರಂದು 11 ಡಾಲರಿಗಿಂತ ಕೆಳಗಿಳಿಯಿತು. ಅವರಿಗಿಂತ ಬಹಳ ಮೊದಲೇ ನಮ್ಮವರೇ ಒಬ್ಬರಿದ್ದರು. ಮುಂಬೈನ ಇಂಡಿಯನ್ ಸ್ಪೀಸಿ ಬ್ಯಾಂಕ್, ಚುನಿಲಾಲ್ ಸರಯ್ಯಾ ಅವರ ನಾಯಕತ್ವದಲ್ಲಿ, ಸರ್ಕಾರ ನಾಣ್ಯಕ್ಕಾಗಿ ಬೆಳ್ಳಿ ಕೊಳ್ಳಲೇಬೇಕು ಎಂದು ನಂಬಿ ಲಂಡನ್ನಿನಲ್ಲಿ ಬೆಳ್ಳಿ ಕೂಡಿಹಾಕಿತು. ಸರ್ಕಾರ 1912ರಲ್ಲಿ ಸ್ಯಾಮ್ಯುಯೆಲ್ ಮಾಂಟೆಗು ಕಂಪನಿಯ ಮೂಲಕ ಗುಟ್ಟಾಗಿ ಬೇರೆ ಕಡೆ ಕೊಂಡಿತು. 1913ರಲ್ಲಿ ಬ್ಯಾಂಕ್ ಬಾಗಿಲು ಹಾಕಿತು, ಠೇವಣಿ ಇಟ್ಟವರು ಬೀದಿಗೆ ಬಂದರು.

2025ರ ಏರಿಕೆಯನ್ನು ಇವುಗಳ ಸಾಲಿಗೆ ಸೇರಿಸಿ ‘ಎಲ್ಲಾ ಸಟ್ಟಾ’ ಎಂದುಬಿಡಲು ನಾನು ಒಪ್ಪುವುದಿಲ್ಲ. ಜಗತ್ತಿನ ಬೆಳ್ಳಿಯ ಬೇಡಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಕೈಗಾರಿಕೆಯದು: ಸೌರಫಲಕ, ವಿದ್ಯುತ್ ವಾಹನ, ಎಲೆಕ್ಟ್ರಾನಿಕ್ಸ್. 2021ರಿಂದ ಪ್ರತಿ ವರ್ಷ ಬೇಡಿಕೆಗಿಂತ ಪೂರೈಕೆ ಕಡಿಮೆ ಬಿದ್ದಿದೆ. ಬೆಲೆ ಏರಿತೆಂದು ಗಣಿಯಿಂದ ಬೇಗ ಹೆಚ್ಚು ಬೆಳ್ಳಿ ಬರುವುದೂ ಇಲ್ಲ, ಏಕೆಂದರೆ ಬೆಳ್ಳಿಯ ಬಹುಪಾಲು ಸೀಸ, ಸತು, ತಾಮ್ರದ ಗಣಿಗಳ ಉಪೋತ್ಪನ್ನ. ನಮ್ಮದೇ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯಲ್ಲೂ ಚಿನ್ನದ ಜೊತೆ ಅಲ್ಪಸ್ವಲ್ಪ ಬೆಳ್ಳಿ ಬರುತ್ತದೆ, ದೇಶದ ಲೆಕ್ಕಕ್ಕೆ ಅದು ಏನೂ ಅಲ್ಲ. ದೊಡ್ಡ ಪ್ರಮಾಣ ರಾಜಸ್ಥಾನದ ಹಿಂದೂಸ್ತಾನ್ ಜಿಂಕ್‌ನದು. ಉಳಿದದ್ದು ಬಹುಪಾಲು ಆಮದು, 2024ರಲ್ಲಿ 7 ಸಾವಿರ ಟನ್ನಿಗೂ ಹೆಚ್ಚು. 2025ರಲ್ಲಿ ಅಮೆರಿಕದ ಸುಂಕದ ಭಯಕ್ಕೆ ಲಂಡನ್ನಿನ ಬೆಳ್ಳಿ ನ್ಯೂಯಾರ್ಕಿಗೆ ಹೋಗಿ, ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲೇ ಕೈಗೆ ಸಿಗುವ ಬೆಳ್ಳಿ ಕಡಿಮೆಯಾಯಿತು. ಅದೇ ಹೊತ್ತಿಗೆ ಭಾರತದ ಹಬ್ಬದ ಖರೀದಿ. ಅದರ ಮೇಲೆ, 2022ರಲ್ಲಿ ಶುರುವಾದ ನಮ್ಮ ಬೆಳ್ಳಿ ಇಟಿಎಫ್‌ಗಳೂ ಗಟ್ಟಿಗಾಗಿ ಅದೇ ಸರಬರಾಜಿನ ಮುಂದೆ ನಿಂತವು. ಬೆಳ್ಳಿ ಸಿಗದೆ ಕೆಲವು ಮ್ಯೂಚುವಲ್ ಫಂಡ್ ಸಂಸ್ಥೆಗಳು ತಮ್ಮ ಬೆಳ್ಳಿ ನಿಧಿಗಳಿಗೆ ಇಡಿಗಂಟಿನ ಹೂಡಿಕೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದವು. ಕೊರತೆ ನಿಜವಾದದ್ದು. ಅದರ ಮೇಲೆ ಸಟ್ಟಾದ ಉಬ್ಬರವೂ ನಿಜವಾದದ್ದು. ಹಬ್ಬ ಮುಗಿದೊಡನೆ ದರ ಕುಸಿದ ವೇಗವೇ ಅದಕ್ಕೆ ಸಾಕ್ಷಿ.

  

ಈಗ ಹೆಚ್ಚುವರಿಯ ಪ್ರಶ್ನೆ. ದರ ಹೇಗೆ ಕಟ್ಟುತ್ತಾರೆ ನೋಡಿ. ಲಂಡನ್ನಿನಲ್ಲಿ ಔನ್ಸಿಗೆ 50 ಡಾಲರ್, ಡಾಲರಿಗೆ 88 ರೂಪಾಯಿ ಎಂದಿಟ್ಟುಕೊಳ್ಳೋಣ. ಔನ್ಸ್ ಎಂದರೆ 31.1 ಗ್ರಾಂ, ಆದ್ದರಿಂದ ಕಿಲೋಗೆ ಸುಮಾರು 1,41,500. 2024ರ ಜುಲೈ ಬಜೆಟ್ಟಿನಲ್ಲಿ ಶೇ 15ರಿಂದ 6ಕ್ಕೆ ಇಳಿದ ಆಮದು ಸುಂಕ ಸೇರಿ 1,50,000. ಶೇ 3 ಜಿಎಸ್‌ಟಿ ಸೇರಿ 1,54,500. ಇದರ ಮೇಲೆ ಆಮದು ಬ್ಯಾಂಕು, ಸಗಟು ವ್ಯಾಪಾರಿ, ಸಾಗಣೆ, ವಿಮೆ, ಕೊನೆಗೆ ಅಂಗಡಿ. ಸಾಮಾನ್ಯ ದಿನಗಳಲ್ಲಿ ಇವೆಲ್ಲ ಸೇರಿದರೂ ಗಟ್ಟಿಯ ಮೇಲೆ ದೊಡ್ಡ ಮೊತ್ತವಲ್ಲ. ಕೊರತೆಯ ದಿನ ಅದೇ ಮೂವತ್ತು ನಲವತ್ತು ಸಾವಿರವಾಗುತ್ತದೆ.

ಹಾಗೆ ಆದಾಗ ಮಾನ್ವಿಯ ಸಣ್ಣ ಅಂಗಡಿಯವರನ್ನು ಬೈಯುವುದು ಸುಲಭ. ಅವರ ಕಷ್ಟವನ್ನೂ ಹೇಳಬೇಕು. ಅವರ ಕಾಲುಚೈನು ಕೊಲ್ಹಾಪುರದ ಹುಪರಿಯಿಂದಲೋ ತಮಿಳುನಾಡಿನ ಸೇಲಂನಿಂದಲೋ ರಾಯಚೂರಿನ ಸಗಟು ಅಂಗಡಿಯ ಮೂಲಕ ಬರುತ್ತದೆ. ಇಂದು ಹಳೆ ದರಕ್ಕೆ ಮಾರಿದರೆ ನಾಳೆ ಅದೇ ಹಣಕ್ಕೆ ಅಷ್ಟೇ ಮಾಲು ತುಂಬಿಸಲಾಗದು. ಬೆಲೆ ಇಳಿದರೆ ಪೆಟ್ಟಿಗೆಯಲ್ಲಿರುವ ಮಾಲಿನ ನಷ್ಟವೂ ಅವರದೇ. ದೊಡ್ಡ ವ್ಯಾಪಾರಿಗಳು ಎಂಸಿಎಕ್ಸ್‌ನಲ್ಲಿ ವಾಯಿದೆ ಹಾಕಿ ಬೆನ್ನು ಕಾಯ್ದುಕೊಳ್ಳುತ್ತಾರೆ. ಅಲ್ಲಿನ ಮುಖ್ಯ ಒಪ್ಪಂದ 30 ಕಿಲೋದ್ದು, ಮಿನಿ 5 ಕಿಲೋ, ಮೈಕ್ರೋ 1 ಕಿಲೋ. ಇಡೀ ಅಂಗಡಿಯಲ್ಲಿ ನಾಲ್ಕಾರು ಕಿಲೋ ಇಟ್ಟುಕೊಂಡವರಿಗೆ ಆ ದಾರಿ ಹತ್ತಿರದ್ದಲ್ಲ. ಕೊರತೆಯ ದಿನ ಹೊಸ ಮಾಲಿನ ಮೇಲೆ ಹಾಕುವ ಹೆಚ್ಚುವರಿಯಲ್ಲಿ ಒಂದು ಪಾಲು ನ್ಯಾಯವಾದದ್ದೇ ಎಂದು ನಾನು ಒಪ್ಪುತ್ತೇನೆ.

ನಾನು ಒಪ್ಪದಿರುವುದು ಮುಂದಿನ ಹೆಜ್ಜೆಯನ್ನು. ಬೆಳ್ಳಿ ಸಿಗುತ್ತಿಲ್ಲ ಎಂಬ ಕಾರಣಕ್ಕೆ ಮಾರುವ ದರ ಏರುವುದಾದರೆ, ಅದೇ ದಿನ ಕೌಂಟರಿಗೆ ಬಂದ ಹಳೆ ಬೆಳ್ಳಿಗೂ ಅದೇ ಕಾರಣಕ್ಕೆ ದರ ಏರಬೇಕಲ್ಲವೇ? ಕರಗಿಸಿದರೆ ಅದೂ ಚೊಕ್ಕ ಬೆಳ್ಳಿಯೇ. ಸುಂಕವಿಲ್ಲ, ಹಡಗಿಲ್ಲ, ವಿಮಾನವಿಲ್ಲ. ಕೊರತೆಯ ದಿನ ಅದು ಅಂಗಡಿಯವರಿಗೆ ಆಮದು ಗಟ್ಟಿಗಿಂತ ಬೇಗ ಕೈಗೆ ಸಿಗುವ ಮಾಲು. ಆದರೆ ಮಾರುವಾಗ ಹೈದರಾಬಾದಿನ ಚಿಲ್ಲರೆ ದರ ಹೇಳುವ ಅಂಗಡಿ ಕೊಳ್ಳುವಾಗ ಎಂಸಿಎಕ್ಸ್ ದರ ಹೇಳುತ್ತದೆ, ಅದರಲ್ಲೂ ಮುರಿದುಕೊಳ್ಳುತ್ತದೆ. ಕೊರತೆಯ ಲಾಭ ಒಂದೇ ಕಡೆ ಹೋಗುವ ಈ ಪದ್ಧತಿಯೇ ಅನ್ಯಾಯ. ಹೆಚ್ಚುವರಿ ಎಷ್ಟು ಎಂಬುದಕ್ಕಿಂತ ಅದು ಎರಡೂ ದಿಕ್ಕಿಗೆ ನಡೆಯುತ್ತದೆಯೇ ಎಂಬುದನ್ನು ನೋಡಬೇಕು.

ಒಡವೆಯ ಲೆಕ್ಕ ಇನ್ನೂ ಕಠಿಣ. ಬೋರ್ಡಿನ ಮೇಲೆ ಗ್ರಾಮಿಗೆ 150 ರೂಪಾಯಿ ಇದೆ ಎನ್ನಿ. 100 ಗ್ರಾಂ ಕಾಲುಚೈನಿಗೆ 15,000, ಮಜೂರಿ ಗ್ರಾಮಿಗೆ 15ರಂತೆ 1,500, ಜಿಎಸ್‌ಟಿ ಸೇರಿ 16,995. ಮರುದಿನವೇ ಅದನ್ನು ಮಾರಲು ಹೋದರೆ? ಬೆಸುಗೆ ಕಳೆದು 80 ಟಂಚ್ (ನೂರರಲ್ಲಿ ಎಂಬತ್ತು ಪಾಲು ಚೊಕ್ಕ ಬೆಳ್ಳಿ) ಎಂದು ಹಿಡಿದು, ದರದಲ್ಲಿ 5 ರೂಪಾಯಿ ಮುರಿದರೆ ಕೈಗೆ 11,600. ಕೊಳ್ಳುವಾಗ ಬೆಸುಗೆಗೂ ಬೆಳ್ಳಿಯ ದರ, ಮಾರುವಾಗ ಬೆಸುಗೆಗೆ ಸೊನ್ನೆ. ಕೊಟ್ಟ ಹಣ ಮರಳಬೇಕಾದರೆ ಬೆಳ್ಳಿಯ ದರ ಶೇ 46ರಷ್ಟು ಏರಬೇಕು. 2025ರಂಥ ವರ್ಷದಲ್ಲಿ ಅದು ಏರಿತು. ಅಂಥ ವರ್ಷ ಎಷ್ಟು ಸಲ ಬರುತ್ತದೆ?

ದೇವದುರ್ಗದ ಒಂದು ಅಂಗಡಿಯಲ್ಲಿ ಕೂತು ನೋಡಿದ ವ್ಯವಹಾರವೊಂದಿದೆ. ಅರವತ್ತು ದಾಟಿದ ಹೆಣ್ಣುಮಗಳು ಸೀರೆಯ ಸೆರಗಿನಲ್ಲಿ ಕಟ್ಟಿ ತಂದ ಕಾಲ್ಗಡಗದ ಜೊತೆಯನ್ನು ಗಾಜಿನ ಮೇಲೆ ಇಟ್ಟರು. ತಕ್ಕಡಿ 240 ಗ್ರಾಂ ತೋರಿಸಿತು. ಅಂಗಡಿಯವರು ಒರೆಗಲ್ಲಿಗೆ ಎರಡು ಗೆರೆ ಎಳೆದು, ಹನಿ ಬಿಟ್ಟು ನೋಡಿ, ಕ್ಯಾಲ್ಕುಲೇಟರ್ ಒತ್ತಿದರು.

“ಅರವತ್ತೈದು ಟಂಚ್ ಐತಿ ಯವ್ವಾ. ಹಳೇ ಮಾಲು, ಬೆಸುಗಿ ಭಾಳ.”

“ಪೇಪರ್‌ನ್ಯಾಗ ಬೆಳ್ಳಿ ಅಷ್ಟು ಏರೈತಿ ಅಂತಾರಲ್ರೀ ಸಾವಕಾರ್ರೆ?”

“ಅದು ಚೊಕ್ಕ ಬೆಳ್ಳಿ ರೇಟು. ನಿಂದಕ್ಕ ಅದು ಬರಂಗಿಲ್ಲ.”

ಆಕೆ ಮಾತಾಡದೆ ಗಂಟು ಕಟ್ಟಿಕೊಂಡು ಎದುರು ಅಂಗಡಿಗೆ ನಡೆದರು. ಅಲ್ಲಿ 72 ಟಂಚ್. ಎರಡು ಅಂಗಡಿಗಳ ನಡುವೆ ಹದಿನೈದು ಹೆಜ್ಜೆ, 7 ಟಂಚ್ ವ್ಯತ್ಯಾಸ. 240 ಗ್ರಾಮಿನ ಮೇಲೆ ಅದು 16.8 ಗ್ರಾಂ ಚೊಕ್ಕ ಬೆಳ್ಳಿ, ಗ್ರಾಮಿಗೆ 150ರಂತೆ 2,520 ರೂಪಾಯಿ. ಉದ್ಯೋಗ ಖಾತ್ರಿಯಲ್ಲಿ 2025–26ಕ್ಕೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ಒಂದು ವಾರದ ಕೂಲಿ ಒರೆಗಲ್ಲಿನ ಎರಡು ಗೆರೆಯಲ್ಲಿ ಹೋಗುತ್ತಿತ್ತು. ಎರಡೂ ಕಡೆ ಒಂದು ಚೀಟಿಯನ್ನೂ ಕೊಡಲಿಲ್ಲ. ಮೊದಲನೆಯವರು ಮೋಸ ಮಾಡಿದರು ಎಂದು ನಾನು ಹೇಳಲಾರೆ, ಒರೆಗಲ್ಲು ಅಂದಾಜಿನ ಸಾಧನ. ಅಂದಾಜು ತಪ್ಪಿದಾಗ ಯಾರ ಕಡೆ ತಪ್ಪುತ್ತದೆ ಎಂಬುದೇ ಚಿಂತೆಯ ವಿಷಯ.

ರಾಣಿ ಛಾಪಿನ ರೂಪಾಯಿ ಇಟ್ಟುಕೊಂಡವರು ಎರಡು ಸಂಗತಿ ಗಮನಿಸಿ. ವಿಕ್ಟೋರಿಯಾ ರೂಪಾಯಿಯ ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಹಳೆಯ ಒಂದು ತೊಲ ಅದೇ ತೂಕ. ಈಗಿನ ಅಂಗಡಿಯ ತೊಲ 10 ಗ್ರಾಂ. ‘ಒಂದು ರೂಪಾಯಿ, ಒಂದು ತೊಲ’ ಎಂದು ಲೆಕ್ಕ ಹಾಕಿಸಿಕೊಂಡರೆ ಪ್ರತಿ ನಾಣ್ಯಕ್ಕೆ ಒಂದೂವರೆ ಗ್ರಾಮಿಗೂ ಹೆಚ್ಚು ಕಳೆದುಕೊಳ್ಳುತ್ತೀರಿ. 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ, ಅದಕ್ಕೆ ರಾಣಿ ರೂಪಾಯಿಯ ಬೆಲೆ ಕೇಳಬಾರದು.

ಸರ್ಕಾರ ಏನು ಮಾಡಿದೆ? ಚಿನ್ನಕ್ಕೆ ಹಾಲ್‌ಮಾರ್ಕ್ 2021ರಿಂದ ಹಂತಹಂತವಾಗಿ ಕಡ್ಡಾಯವಾಗಿದೆ. ಬೆಳ್ಳಿಗೆ 2025ರ ಸೆಪ್ಟೆಂಬರ್ 1ರಿಂದ ಎಚ್‌ಯುಐಡಿ (ಪ್ರತಿ ಒಡವೆಯ ಗುರುತು) ಸಂಖ್ಯೆಯ ಹಾಲ್‌ಮಾರ್ಕ್ ಬಂದಿದೆ, 800ರಿಂದ 999ರವರೆಗೆ ಏಳು ದರ್ಜೆ, ಆದರೆ ಐಚ್ಛಿಕ. ಬಡವರ ಲೋಹಕ್ಕೆ ಐಚ್ಛಿಕ, ಉಳ್ಳವರ ಲೋಹಕ್ಕೆ ಕಡ್ಡಾಯ. ಇದನ್ನು ಹೀಗೇ ಬಿಡಬಾರದು. ಹೊಸ ಒಡವೆಗೆ ಹಾಲ್‌ಮಾರ್ಕ್ ಬಂದರೂ ಪೆಟ್ಟಿಗೆಯಲ್ಲಿರುವ ಮೂರು ತಲೆಮಾರಿನ ಹಳೆ ಬೆಳ್ಳಿಗೆ ಅದರಿಂದ ಏನೂ ಆಗುವುದಿಲ್ಲ.

ಹೆಚ್ಚು ಉಪಯೋಗದ ನಿಯಮ ಬೇರೆ ಕಡೆಯಿಂದ ಬಂದಿದೆ. ಚಿನ್ನ, ಬೆಳ್ಳಿ ಅಡಮಾನ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಜೂನ್ 6ರಂದು ಹೊರಡಿಸಿದ ನಿರ್ದೇಶನದ ಜಾರಿಗೆ 2026ರ ಏಪ್ರಿಲ್ 1ರ ಗಡುವು. ಒಬ್ಬರು 10 ಕಿಲೋವರೆಗಿನ ಬೆಳ್ಳಿ ಒಡವೆ, 500 ಗ್ರಾಂವರೆಗಿನ ಬೆಳ್ಳಿ ನಾಣ್ಯ ಇಡಬಹುದು. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಮೌಲ್ಯದ ಶೇ 85ರವರೆಗೆ ಕೊಡಬಹುದು. ದರವನ್ನು ಹಿಂದಿನ 30 ದಿನದ ಸರಾಸರಿ ಅಥವಾ ಹಿಂದಿನ ದಿನದ ದರ, ಇವೆರಡರಲ್ಲಿ ಕಡಿಮೆಯದನ್ನು ಹಿಡಿದು ಕಟ್ಟಬೇಕು. ಸಟ್ಟಾದ ಉಬ್ಬರದಲ್ಲಿ ಸಾಲ ಮಿತಿಮೀರದಂತೆ ಅದೊಂದು ತಡೆ. ಸಾಲಗಾರರ ಎದುರಿನಲ್ಲೇ ಪರೀಕ್ಷೆ ಆಗಬೇಕು, ಶುದ್ಧತೆ, ತೂಕ, ಏನನ್ನು ಏಕೆ ಕಳೆಯಲಾಯಿತು ಎಂಬುದನ್ನೆಲ್ಲ ಬರೆದ ಪ್ರಮಾಣಪತ್ರ ಕೊಡಬೇಕು. ಸಾಲ ತೀರಿದ ಮೇಲೆ ಒಡವೆ ಮರಳಿಸಲು ಏಳು ಕೆಲಸದ ದಿನ ಮೀರಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಗಿರವಿ ಅಂಗಡಿಯೊಂದೇ ಗತಿಯಾಗಿದ್ದ ಊರುಗಳಿಗೆ ಇದು ದೊಡ್ಡ ಮಾತು. ಮಾರುವ ಕೌಂಟರಿಗೂ ಇದೇ ಪದ್ಧತಿ ಏಕೆ ಬೇಡ? ಗಂಜಿನಲ್ಲಿ ರೈತರ ಹುಟ್ಟುವಳಿಗೆ ಪ್ರತಿದಿನ ಕನಿಷ್ಠ, ಗರಿಷ್ಠ, ಮಾದರಿ ಧಾರಣೆ ಪ್ರಕಟವಾಗುತ್ತದೆ. ಆ ಹಣದಲ್ಲಿ ಕೊಂಡ ಬೆಳ್ಳಿಯನ್ನು ಅದೇ ರೈತರು ಮಾರಲು ಬಂದಾಗ ಧಾರಣೆ ಅಂಗಡಿಯವರ ಬಾಯಲ್ಲಿ ಮಾತ್ರ ಇರುತ್ತದೆ. ಬೋರ್ಡಿನ ಮೇಲೆ ಮಾರುವ ದರದ ಪಕ್ಕದಲ್ಲೇ ಕೊಳ್ಳುವ ದರ ಬರೆಯುವುದಕ್ಕೆ ಕಾಸಿನ ಖರ್ಚಿಲ್ಲ. ತೂಕ, ಟಂಚ್, ದರ ಬರೆದ ಕನ್ನಡದ ಚೀಟಿ ಕೊಡುವುದಕ್ಕೂ ಇಲ್ಲ. ರಾಯಚೂರಿನ ಸರಾಫರು ತಾವಾಗಿಯೇ ಇದನ್ನು ಶುರುಮಾಡಿದರೆ ತಾಲ್ಲೂಕು ಅಂಗಡಿಗಳು ಹಿಂದೆ ಬೀಳಲಾರವು. ಚೀಟಿ ಇದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಬಹುದು, ಇಲ್ಲದಿದ್ದರೆ ಅಲ್ಲಿ ತೋರಿಸಲು ಏನಿದೆ?

ರಿಸರ್ವ್ ಬ್ಯಾಂಕಿನ ನಿರ್ದೇಶನ ಬೆಳ್ಳಿ ಸಾಲಕ್ಕೆ ಅವಕಾಶ ಕೊಡುತ್ತದೆ, ಕೊಡಲೇಬೇಕೆಂದು ಬ್ಯಾಂಕುಗಳನ್ನು ಕಟ್ಟಿಹಾಕುವುದಿಲ್ಲ. 2025ರ ಮೇ 1ರಂದು ಎರಡು ಗ್ರಾಮೀಣ ಬ್ಯಾಂಕುಗಳು ಕೂಡಿ ಆದ ಕರ್ನಾಟಕ ಗ್ರಾಮೀಣ ಬ್ಯಾಂಕ್ ನಮ್ಮ ಹೋಬಳಿಗಳಿಗೆ ಹತ್ತಿರದ್ದು. ಅದರ ಶಾಖೆಗಳು ಇನ್ನೂರು ಗ್ರಾಮಿನ ಸವೆದ ಕಾಲ್ಗಡಗವನ್ನು ತೂಗಲು ಒಪ್ಪುತ್ತವೆಯೇ, ಪರೀಕ್ಷಕರು ವಾರಕ್ಕೊಮ್ಮೆಯಾದರೂ ಅರಕೇರಾ, ಕವಿತಾಳದಂಥ ಊರಿಗೆ ಬರುತ್ತಾರೆಯೇ, ಪ್ರಮಾಣಪತ್ರ ಕನ್ನಡದಲ್ಲಿ ಇರುತ್ತದೆಯೇ ಎಂಬುದನ್ನು ಜಿಲ್ಲೆಯ ಲೀಡ್ ಬ್ಯಾಂಕ್ ಸಭೆಯಲ್ಲಿ ಜನಪ್ರತಿನಿಧಿಗಳು ಎದ್ದು ಕೇಳಬೇಕು. ಮುಂಗಾರಿನ ಬೀಜಕ್ಕೆ ಹಣ ಹೊಂದಿಸುವ ಕೆಲಸ ಮೇ ಕೊನೆಯಲ್ಲೇ ಶುರುವಾಗುತ್ತದೆ. ಅದಕ್ಕೂ ಮೊದಲೇ ಉತ್ತರ ಸಿಗಬೇಕು.